ಮೂರು ಚಕ್ರದ ಗಾಡಿ ಎಳೆಯುತ್ತಿದೆಯಾ, ನಡುಗುತ್ತಿದೆಯಾ, ಏಳುತ್ತಿದೆಯಾ? ಕಾರಣ ಹುಡುಕೋಣ

ಮೈಲೇಜ್ ಸ್ಪರ್ಧೆಗೆ ಕಾಲೇಜು ತಂಡಗಳು ಕಟ್ಟುವ ಗಾಡಿಯನ್ನು ನೀವು ನೋಡಿರಬಹುದು. ಮುಂದೆ ಎರಡು ಚಕ್ರ, ಹಿಂದೆ ಒಂದು. ಡ್ರೈವರ್ ಹೆಚ್ಚುಕಮ್ಮಿ ಮಲಗಿಕೊಂಡೇ ಓಡಿಸುತ್ತಾರೆ. ಮೇಲೆ ನೀರಿನ ಹನಿಯಂತೆ ಹಿಂದಕ್ಕೆ ಸಣ್ಣಗಾಗುತ್ತಾ ಹೋಗುವ ಫೈಬರ್ ಬಾಡಿ. 2018ರಲ್ಲಿ ಶೆಲ್ ಇಕೋ-ಮ್ಯಾರಥಾನ್ ಎಂಬ ಮೈಲೇಜ್ ಸ್ಪರ್ಧೆ ಚೆನ್ನೈನಲ್ಲಿ ನಡೆದಾಗ ಟ್ರ್ಯಾಕಿಗೆ ಇಳಿದದ್ದು ಇಂಥವೇ ಗಾಡಿಗಳು. ಹಿಂದೆ ಒಂದೇ ಚಕ್ರ ಇದ್ದರೆ ಬಾಲವನ್ನು ಸಣ್ಣ ಮಾಡಬಹುದು, ಗಾಳಿಯ ಎಳೆತ ಕಡಿಮೆಯಾಗುತ್ತದೆ. ಒಂದು ಟೈರಿನ ಉಜ್ಜಾಟವೂ ತಪ್ಪುತ್ತದೆ. ಆದರೆ ನಾಲ್ಕು ಚಕ್ರದ ಕಾರು ಎಷ್ಟೋ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಮೂರು ಚಕ್ರ ತಡೆದುಕೊಳ್ಳುವುದಿಲ್ಲ.

ಇಂಥ ಗಾಡಿಗಳ ಜೊತೆ ಕೈ ಮಸಿ ಮಾಡಿಕೊಂಡು ಕೆಲವು ವರ್ಷ ಕಳೆದಿದ್ದೇನೆ. ತಂಡಗಳು ಮೊದಲು ಬೈಯುವುದು ಬಾಡಿಯನ್ನು. ಕತ್ತರಿಸುತ್ತಾರೆ, ರೆಕ್ಕೆ ಅಂಟಿಸುತ್ತಾರೆ. ಬಹಳ ಸಲ ತಪ್ಪು ಇರುವುದು ಟೈರಿನ ಗಾಳಿಯಲ್ಲಿ, ಸಡಿಲವಾದ ಒಂದು ಬೋಲ್ಟಿನಲ್ಲಿ, ಅಥವಾ ತೂಕ ಕೂತಿರುವ ಜಾಗದಲ್ಲಿ. ಅದಕ್ಕೇ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಇಟ್ಟಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ.

## ಗಾಡಿ ಹತ್ತುವ ಮುಂಚೆ

ಪರೀಕ್ಷೆ ಖಾಲಿ ಮೈದಾನದಲ್ಲೇ ಆಗಬೇಕು, ಊರಿನ ರಸ್ತೆಯಲ್ಲಿ ಅಲ್ಲ. ಡ್ರೈವರ್‌ಗೆ ಹೆಲ್ಮೆಟ್, ಸೀಟ್ ಬೆಲ್ಟ್, ಕೈಗವಸು ಇರಲೇಬೇಕು. ಕೈ ಆಚೆ ಊರದಂತೆ ಮೊದಲೇ ಹೇಳಿಡಿ. ಗಾಡಿ ವಾಲಿದಾಗ ಎಲ್ಲರೂ ಮಾಡುವುದು ಅದನ್ನೇ, ಮುರಿಯುವುದು ಮಣಿಕಟ್ಟು. ಮುಚ್ಚಿದ ಬಾಡಿಯಿಂದ 10 ಸೆಕೆಂಡಿನೊಳಗೆ ಹೊರಗೆ ಬರಲು ಆಗಬೇಕು. ಅದು ಸ್ಪರ್ಧೆಯ ನಿಯಮವೂ ಹೌದು. ವೇಗವನ್ನು ಗಂಟೆಗೆ 10, 15, 20 ಕಿ.ಮೀ. ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಗಾಡಿ ಕೆಳಗೆ ಕೈ ಹಾಕುವಾಗಲೆಲ್ಲ ಬ್ಯಾಟರಿ ಕನೆಕ್ಷನ್ ಬಿಚ್ಚಿಡಿ.

## ನೇರ ಹೋಗುವಾಗ ಒಂದೇ ಕಡೆ ಎಳೆಯುತ್ತದೆ

ಮೊದಲು ಅದೇ ದಾರಿಯಲ್ಲಿ ವಾಪಸ್ ಓಡಿಸಿ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಎಳೆದರೆ ನೆಲವೇ ಓರೆ ಇದೆ, ಅಥವಾ ಗಾಳಿ ಬೀಸುತ್ತಿದೆ. ಗಾಡಿ ಸರಿಯಾಗಿಯೇ ಇದೆ.

ಎರಡೂ ಸಲ ಒಂದೇ ಕಡೆ ಎಳೆದರೆ ಟೈರಿನ ಗಾಳಿ ನೋಡಿ. ಬೆರಳಲ್ಲಿ ಒತ್ತಿ ನೋಡುವುದಲ್ಲ, ಗೇಜ್ ಇಟ್ಟು ನೋಡಿ. ಆಮೇಲೆ ಮುಂಭಾಗ ಎತ್ತಿ ಎರಡೂ ಚಕ್ರ ತಿರುಗಿಸಿ. ಒಂದು ಬೇಗ ನಿಂತರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಎರಡೂ ಸರಿ ಇದ್ದರೆ ಮುಂದಿನ ಚಕ್ರಗಳನ್ನು ಅದಲುಬದಲು ಮಾಡಿ. ಎಳೆತವೂ ಇನ್ನೊಂದು ಕಡೆಗೆ ಹೋಯಿತಾ? ಹಾಗಾದರೆ ದೋಷ ಟೈರಿನದೇ.

ಇನ್ನೂ ಎಳೆಯುತ್ತಿದ್ದರೆ ಹಿಂದಿನ ಚಕ್ರ ಓರೆಯಾಗಿದೆಯಾ ನೋಡಿ. ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ತಾಗಿಸಿ ಮುಂದಕ್ಕೆ ಎರಡು ದಾರ ಬಿಗಿಯಾಗಿ ಎಳೆಯಿರಿ. ದಾರದಿಂದ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಒಂದೇ ದೂರ ಬರಬೇಕು. ಚೈನ್ ಬಿಗಿ ಮಾಡುವಾಗ ಆಕ್ಸಲ್ ಒಂದು ಪಕ್ಕಕ್ಕೆ ಮಾತ್ರ ಸರಿದಿರುವುದು ತುಂಬಾ ಸಾಮಾನ್ಯ. ಹಿಂದಿನ ಚಕ್ರ ಪಕ್ಕಕ್ಕೆ ವಾಲಿದ್ದರೂ ಹೀಗೇ ಎಳೆಯುತ್ತದೆ. ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟರೆ ಗೊತ್ತಾಗುತ್ತದೆ.

## ಬ್ರೇಕ್ ಹಿಡಿದಾಗ ಮಾತ್ರ ಪಕ್ಕಕ್ಕೆ ತಿರುಗುತ್ತದೆ

ಮುಂದಿನ ಎರಡು ಬ್ರೇಕ್ ಸಮವಾಗಿ ಹಿಡಿಯುತ್ತಿಲ್ಲ. ಕೇಬಲ್ ಬಿಗಿತ ಸರಿಮಾಡಿ, ಡಿಸ್ಕಿನ ಮೇಲೆ ಎಣ್ಣೆ ಬಿದ್ದಿದ್ದರೆ ಒರೆಸಿ.

ಅದಾದ ಮೇಲೂ ಹಾಗೇ ಇದ್ದರೆ ಒಂದು ನೇರ ಕಡ್ಡಿ ತೆಗೆದುಕೊಂಡು ಕಿಂಗ್ ಪಿನ್‌ನ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟದ) ಓರೆಗೆ ಸರಿಯಾಗಿ ನೆಲದವರೆಗೆ ಹಿಡಿಯಿರಿ. ಎದುರಿನಿಂದ ನೋಡಿದಾಗ ಕಡ್ಡಿಯ ತುದಿ ಟೈರ್ ನೆಲ ಮುಟ್ಟುವ ಜಾಗದ ನೇರಕ್ಕೇ ಬರಬೇಕು. ಒಳಗೆ ಅಥವಾ ಹೊರಗೆ ಬಿದ್ದರೆ, ಅಷ್ಟು ಉದ್ದದ ಸನ್ನೆಗೋಲು ಹಿಡಿದು ಬ್ರೇಕೇ ಸ್ಟೀರಿಂಗನ್ನು ತಿರುಗಿಸುತ್ತಿದೆ ಅಂತ ಅರ್ಥ. ಇದಕ್ಕೆ ವೆಲ್ಡಿಂಗ್ ಕೆಲಸ ಬೇಕು, ಆತುರ ಬೇಡ.

ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಇಟ್ಟಿದ್ದರೆ ಅದೇ ದೊಡ್ಡ ತಪ್ಪು. ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಟೈರ್ ಹಗುರಾಗಿ ಜಾರುತ್ತದೆ, ಬಾಲ ಸುತ್ತಿಕೊಂಡು ಮುಂದೆ ಬರುತ್ತದೆ.

## ವೇಗ ಏರಿದರೆ ಸ್ಟೀರಿಂಗ್ ನಡುಗುತ್ತದೆ

ಮುಂಭಾಗ ಎತ್ತಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲದ ಅಲ್ಲಾಟ, ಇದ್ದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಸಡಿಲ. ಎಡಬಲಕ್ಕೆ ಹಿಡಿದಾಗ ಮಾತ್ರ ಆಟ ಇದ್ದರೆ ಟೈ ರಾಡ್‌ನ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಕಡ್ಡಿಯ) ತುದಿ ಸವೆದಿದೆ. ಇಷ್ಟರಲ್ಲೇ ಅರ್ಧ ಗಾಡಿಗಳ ನಡುಕ ನಿಲ್ಲುತ್ತದೆ ಅನ್ನುವುದು ನನ್ನ ಅನುಭವ.

ಆಮೇಲೆ ಟೋ, ಅಂದರೆ ಮುಂದಿನ ಎರಡು ಚಕ್ರ ಒಂದಕ್ಕೊಂದು ನೇರ ಇವೆಯಾ ಅನ್ನುವುದು. ಅಳೆಯಲು ಟೇಪ್ ಸಾಕು. ಆಕ್ಸಲ್ ಎತ್ತರದಲ್ಲಿ ಎರಡೂ ಟೈರಿನ ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕಿ, ನಡುವಿನ ದೂರ ಅಳೆಯಿರಿ. ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ. ಅದೇ ಗುರುತುಗಳು ಈಗ ಹಿಂಬದಿಗೆ ಬರುತ್ತವೆ. ಮತ್ತೆ ಅಳೆಯಿರಿ. ಒಂದೇ ಗುರುತು ಬಳಸುವುದರಿಂದ ರಿಮ್ ಸ್ವಲ್ಪ ಸೊಟ್ಟ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ಅಳತೆ 1ರಿಂದ 2 ಮಿ.ಮೀ. ಕಡಿಮೆ ಇದ್ದರೆ ಒಳ್ಳೆಯದು. ಮುಂದೆ ಜಾಸ್ತಿ ಇದ್ದರೆ ಗಾಡಿ ಸುಮ್ನೆ ನಿಲ್ಲುವುದಿಲ್ಲ, ಎಡಬಲ ಹುಡುಕಾಡುತ್ತಲೇ ಇರುತ್ತದೆ.

ಇಲ್ಲಿ ಒಂದು ಮಾತು ನೆನಪಿಡಿ. ಡ್ರೈವರ್ ಕೂತಿರುವಾಗಲೇ ಅಳೆಯಿರಿ. ತೆಳ್ಳಗಿನ ಫ್ರೇಮ್ ಮನುಷ್ಯನ ಭಾರಕ್ಕೆ ಬಗ್ಗುತ್ತದೆ. ಖಾಲಿ ಗಾಡಿಯಲ್ಲಿ ಸರಿ ಇದ್ದ ಟೋ ಆಗ ಸರಿ ಇರುವುದಿಲ್ಲ. ವರ್ಕ್‌ಶಾಪಿನಲ್ಲಿ ಸರಿ ಇತ್ತು, ಟ್ರ್ಯಾಕಿನಲ್ಲಿ ಕೆಟ್ಟಿತು ಅಂತ ಗೋಳಾಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ ಇದು.

ಇಷ್ಟೂ ಸರಿ ಇದ್ದರೆ ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ ನೋಡಿ. ಪಕ್ಕದಿಂದ ನೋಡಿದಾಗ ಕಿಂಗ್ ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರಬೇಕು. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 10ರಿಂದ 14 ಡಿಗ್ರಿ ಇಡುತ್ತಾರೆ. ಫೋನಿನ ಆ್ಯಪ್ ಇಟ್ಟರೆ ಕೋನ ಸಿಗುತ್ತದೆ. ನಿಧಾನ ಹೋಗುವಾಗ ಸ್ಟೀರಿಂಗ್ ತಿರುಗಿಸಿ ಕೈ ಸಡಿಲ ಬಿಡಿ. ತಾನಾಗಿ ನೇರಕ್ಕೆ ಬರದಿದ್ದರೆ ಕ್ಯಾಸ್ಟರ್ ಸಾಲದು.

## ತಿರುವಿನಲ್ಲಿ ಒಳಗಿನ ಚಕ್ರ ಏಳುತ್ತದೆ

ಇದು ಕಂಡ ಕೂಡಲೇ ಓಡಿಸುವುದನ್ನು ನಿಲ್ಲಿಸಿ. ಒಂದು ಸಲ ಎದ್ದ ಚಕ್ರ ಇನ್ನೊಂದು ಸಲ ಗಾಡಿಯನ್ನೇ ಪಲ್ಟಿ ಮಾಡಬಹುದು.

ಕಾರಣ ಹೀಗಿದೆ. ಮೂರು ಚಕ್ರಗಳನ್ನು ಗೆರೆ ಎಳೆದು ಸೇರಿಸಿದರೆ ನೆಲದ ಮೇಲೆ ಒಂದು ತ್ರಿಕೋನ ಆಗುತ್ತದೆ. ಗಾಡಿ ಉರುಳುವುದು ಆ ತ್ರಿಕೋನದ ಪಕ್ಕದ ಗೆರೆಯ ಮೇಲೆ. ಗುರುತ್ವ ಕೇಂದ್ರ, ಅಂದರೆ ಇಡೀ ಗಾಡಿಯ ತೂಕ ಒಟ್ಟಾಗಿ ನಿಂತಂತಿರುವ ಬಿಂದು, ಆ ಗೆರೆಯಿಂದ ಎಷ್ಟು ಒಳಗಿದೆ ಮತ್ತು ನೆಲದಿಂದ ಎಷ್ಟು ಮೇಲಿದೆ ಅನ್ನುವ ಎರಡೇ ಸಂಗತಿ ಮುಖ್ಯ. ಹಿಂದಕ್ಕೆ ಹೋದಷ್ಟೂ ತ್ರಿಕೋನ ಕಿರಿದಾಗುತ್ತದೆ. ಹಾಗಾಗಿ ತೂಕ ಹಿಂದೆ ಸರಿದಷ್ಟೂ ಉರುಳುವುದು ಸುಲಭ.

ಲೆಕ್ಕ ಹಾಕಿ ನೋಡೋಣ. ಮುಂದಿನ ಚಕ್ರಗಳ ನಡುವೆ 60 ಸೆಂ.ಮೀ., ಮುಂದಿನ ಆಕ್ಸಲಿನಿಂದ ಹಿಂದಿನ ಚಕ್ರಕ್ಕೆ 150 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ. ತೂಕದ ಬಿಂದು ಮುಂದಿನ ಆಕ್ಸಲಿನಿಂದ 50 ಸೆಂ.ಮೀ. ಹಿಂದೆ, ನೆಲದಿಂದ 35 ಸೆಂ.ಮೀ. ಮೇಲೆ. ಆ ಜಾಗದಲ್ಲಿ ಪಕ್ಕದ ಗೆರೆ 20 ಸೆಂ.ಮೀ. ದೂರದಲ್ಲಿರುತ್ತದೆ. 20ನ್ನು 35ರಿಂದ ಭಾಗಿಸಿದರೆ 0.57. ಪಕ್ಕಕ್ಕೆ ತಳ್ಳುವ ಬಲ ಗಾಡಿಯ ತೂಕದ 0.57ರಷ್ಟಾದಾಗ ಚಕ್ರ ಏಳುತ್ತದೆ. 8 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದು ಗಂಟೆಗೆ ಸುಮಾರು 24 ಕಿ.ಮೀ. ವೇಗ. ತೂಕದ ಬಿಂದು ಅದೇ ಗಾಡಿಯಲ್ಲಿ ಮುಂದಿನ ಆಕ್ಸಲಿನಿಂದ 75 ಸೆಂ.ಮೀ. ಹಿಂದೆ ಇದ್ದರೆ? ಗೆರೆ 15 ಸೆಂ.ಮೀ. ದೂರಕ್ಕೆ ಬರುತ್ತದೆ, ಅಂಕಿ 0.43ಕ್ಕೆ ಇಳಿಯುತ್ತದೆ, ವೇಗ 21 ಕಿ.ಮೀ.ಗೆ ಬರುತ್ತದೆ. ಒಣ ಡಾಂಬರಿನಲ್ಲಿ ಟೈರಿನ ಹಿಡಿತ ಇದಕ್ಕಿಂತ ಜಾಸ್ತಿ. ಅಂದರೆ ಜಾರಿ ಎಚ್ಚರಿಕೆ ಕೊಡುವ ಮುಂಚೆಯೇ ಗಾಡಿ ಉರುಳುತ್ತದೆ.

ಮೊದಲ ಪರೀಕ್ಷೆಗೆ ತೂಕದ ಯಂತ್ರ ಸಾಕು, ಮನೆಯಲ್ಲಿ ನಿಂತು ನೋಡುವಂಥದ್ದು. ಡ್ರೈವರ್ ಕೂರಲಿ. ಹಿಂದಿನ ಚಕ್ರವನ್ನು ಯಂತ್ರದ ಮೇಲಿಡಿ, ಮುಂದಿನ ಎರಡರ ಕೆಳಗೆ ಅಷ್ಟೇ ದಪ್ಪದ ಪ್ಲೈವುಡ್ ಇಡಿ. ಹಿಂದಿನ ಚಕ್ರದ ಮೇಲೆ ಒಟ್ಟು ತೂಕದ ಮೂರನೇ ಒಂದು ಭಾಗ ಬಂದರೆ ಗಾಡಿ ಸರಿಯಾಗಿ ಕೂತಿದೆ. ಮೂರು ಟೈರಿಗೂ ಸಮಪಾಲು. ಅದಕ್ಕಿಂತ ಜಾಸ್ತಿ ಬಂದರೆ ಏನನ್ನಾದರೂ ಮುಂದಕ್ಕೆ ತನ್ನಿ.

ಒಂದು ತಂಡದ ಗಾಡಿ ಡ್ರೈವರ್ ಸೇರಿ 100 ಕೆ.ಜಿ. ಇತ್ತು. ಹಿಂದಿನ ಚಕ್ರದಲ್ಲೇ 40 ಕೆ.ಜಿ. ತೋರಿಸಿತು. ಎಂಟು ಕೆ.ಜಿ.ಯ ಬ್ಯಾಟರಿ ಬಾಲದಲ್ಲಿ ಕೂತಿತ್ತು, ಅಲ್ಲಿ ಜಾಗ ಖಾಲಿ ಇತ್ತು ಅನ್ನುವ ಒಂದೇ ಕಾರಣಕ್ಕೆ. ಅದನ್ನು 120 ಸೆಂ.ಮೀ. ಮುಂದೆ, ಡ್ರೈವರ್‌ನ ಮೊಣಕಾಲಿನ ಕೆಳಗೆ ತಂದೆವು. ಹಿಂದಿನ ತೂಕ 34 ಕೆ.ಜಿ.ಗಿಂತ ಕೆಳಗೆ ಬಂತು. ಖರ್ಚಾಗಿದ್ದು ಒಂದಿಷ್ಟು ವೈರ್ ಮತ್ತು ಒಂದು ಸಂಜೆ.

ಎರಡನೆಯದು ವಾಲಿಸುವ ಪರೀಕ್ಷೆ. ದಪ್ಪ ಹಲಗೆಯ ಮೇಲೆ ಗಾಡಿ ನಿಲ್ಲಿಸಿ. ಸೀಟಿನಲ್ಲಿ ಡ್ರೈವರ್ ಬದಲು ಅಷ್ಟೇ ತೂಕದ ಮರಳು ಚೀಲಗಳನ್ನು ಕಟ್ಟಿ. ಮನುಷ್ಯರನ್ನು ಕೂರಿಸಲೇಬೇಡಿ. ಕೆಳಗಿನ ಟೈರುಗಳು ಜಾರದಂತೆ ಮರದ ಪಟ್ಟಿ ಹೊಡೆಯಿರಿ. ಮೇಲಿನ ಕಡೆಯಿಂದ ಹಗ್ಗ ಕಟ್ಟಿ ಇಬ್ಬರು ಹಿಡಿದುಕೊಳ್ಳಲಿ. ಹಲಗೆಯ ಒಂದು ಬದಿಯನ್ನು ನಿಧಾನ ಎತ್ತುತ್ತಾ ಹೋಗಿ. ಮೇಲಿನ ಟೈರಿನ ಕೆಳಗೆ ಒಂದು ಕಾಗದ ಇಟ್ಟಿರಿ. ಎಳೆದಾಗ ಕಾಗದ ಸಲೀಸಾಗಿ ಬಂದರೆ ಚಕ್ರ ಎದ್ದಿದೆ. ಆ ಕೋನ 30 ಡಿಗ್ರಿ ಅಂದರೆ ಮೇಲೆ ಹೇಳಿದ 0.57ರ ಆಸುಪಾಸು. 25 ಡಿಗ್ರಿಗಿಂತ ಮುಂಚೆಯೇ ಎದ್ದರೆ ಆ ಗಾಡಿಯನ್ನು ತಿರುವಿಗೆ ಒಯ್ಯಬೇಡಿ ಅಂತಲೇ ನಾನು ಹೇಳುತ್ತೇನೆ.

ಸರಿಪಡಿಸುವ ಕ್ರಮ: ಮೊದಲು ತೂಕ ಮುಂದಕ್ಕೆ, ಆಮೇಲೆ ಕೆಳಕ್ಕೆ, ಕೊನೆಗೆ ಅಗಲ. ನಮ್ಮ ಉದಾಹರಣೆಯಲ್ಲಿ ತೂಕದ ಬಿಂದುವನ್ನು 5 ಸೆಂ.ಮೀ. ಇಳಿಸಿದರೂ ಒಂದೇ, ಚಕ್ರಗಳ ನಡುವಿನ ಅಗಲವನ್ನು 10 ಸೆಂ.ಮೀ. ಹೆಚ್ಚಿಸಿದರೂ ಒಂದೇ. ಎರಡರಿಂದಲೂ ಅಂಕಿ 0.67ಕ್ಕೆ ಏರುತ್ತದೆ. ಆದರೆ ಅಗಲ ಹೆಚ್ಚಿಸಿದರೆ ಬಾಡಿಯೂ ಅಗಲವಾಗಿ ಗಾಳಿಯ ಎಳೆತ ಏರುತ್ತದೆ. ಇಕೋ-ಮ್ಯಾರಥಾನಿನ ನಿಯಮ ಕನಿಷ್ಠ 50 ಸೆಂ.ಮೀ. ಅಗಲ ಕೇಳುತ್ತದೆ, ಗಾಡಿಯ ಎತ್ತರ ಅಗಲದ 1.25 ಪಟ್ಟಿಗಿಂತ ಕಡಿಮೆ ಇರಬೇಕು ಅನ್ನುತ್ತದೆ. ಅದು ಪಾಸಾದರೆ ಸಾಕು ಅಂದುಕೊಳ್ಳಬೇಡಿ. ತೂಕ ಎಲ್ಲಿದೆ ಅಂತ ಆ ಅಳತೆಗೆ ಗೊತ್ತಾಗುವುದಿಲ್ಲ.

ಆಟೋದಲ್ಲಿ ಈ ತ್ರಿಕೋನ ತಿರುಗಿ ಕೂತಿದೆ, ಕಿರಿದಾದ ತುದಿ ಮುಂದೆ. ತಿರುವಿನ ನಡುವೆ ಬ್ರೇಕ್ ಹಾಕಿದರೆ ಭಾರ ಆ ಕಿರಿದಾದ ಕಡೆಗೇ ನುಗ್ಗುತ್ತದೆ. ಡ್ರೈವರ್ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡರೆ ಅಪಾಯ ಹೆಚ್ಚುವುದೂ ಇದೇ ಕಾರಣಕ್ಕೆ. ನಮ್ಮ ಗಾಡಿಯಲ್ಲಿ ಅಗಲದ ಬದಿ ಮುಂದಿದೆ, ಹಾಗಾಗಿ ಬ್ರೇಕ್ ಅಷ್ಟು ಹೆದರಿಸುವುದಿಲ್ಲ. ತಿರುವಿನ ನಡುವೆ ಜೋರಾಗಿ ಆಕ್ಸಿಲರೇಟರ್ ಕೊಡುವುದು ಮಾತ್ರ ಕೆಟ್ಟದ್ದು.

## ಬಾಲ ಹೊರಗೆ ಜಾರುತ್ತದೆ

ಹಿಂದಿನ ಟೈರಿನ ಗಾಳಿ, ಟೈರ್ ಸವೆದಿರುವುದು, ನೆಲದ ಮರಳು, ಇಷ್ಟು ನೋಡಿ. ಆಮೇಲೆ ಮತ್ತೆ ಅದೇ ತೂಕದ ಯಂತ್ರ. ಹಿಂದಿನ ಚಕ್ರದಲ್ಲಿ ಅರ್ಧ ತೂಕ ಇದ್ದರೆ ಆ ಒಂದು ಟೈರ್, ಮುಂದಿನ ಒಂದೊಂದು ಟೈರಿನ ಎರಡರಷ್ಟು ಭಾರ ಹೊತ್ತಿದೆ. ತಿರುವಿನಲ್ಲಿ ಮೊದಲು ಸೋಲುವುದು ಅದೇ ಅಲ್ವಾ? ಬ್ರಿಟನ್ನಿನ ಮಾರ್ಗನ್ ಕಂಪನಿ 1909ರಲ್ಲಿ ಶುರು ಮಾಡಿದ ಮೂರು ಚಕ್ರದ ಕಾರಿನಲ್ಲಿ ಎಂಜಿನ್ನನ್ನು ಮೂಗಿನಲ್ಲೇ, ಎರಡು ಚಕ್ರ ಇರುವ ಕಡೆ ಇಟ್ಟಿತು. ಆ ವಿನ್ಯಾಸ ಬಹಳ ಕಾಲ ಬಾಳಿತು, ರೇಸಿನಲ್ಲೂ ಓಡಿತು.

## ಪಕ್ಕದಿಂದ ಗಾಳಿ ಬೀಸಿದರೆ ಮೂಗು ತಿರುಗುತ್ತದೆ

ಮೊದಲು ಇದು ನಿಜವಾಗಿಯೂ ಗಾಳಿಯ ಕೆಲಸವೇ ಅಂತ ಖಚಿತ ಮಾಡಿಕೊಳ್ಳಿ. ಗಾಳಿ ಇಲ್ಲದ ಬೆಳಗ್ಗೆ ಅದೇ ಜಾಗದಲ್ಲಿ ಓಡಿಸಿ. ಆಗಲೂ ಅಲೆದಾಡಿದರೆ ಟೋ ಮತ್ತು ಸಡಿಲದ ಭಾಗಕ್ಕೆ ವಾಪಸ್ ಹೋಗಿ. ಆಮೇಲೆ ಬಾಡಿ ತೆಗೆದು ಗಾಳಿಯಲ್ಲಿ ಓಡಿಸಿ. ಬಾಡಿ ಇಲ್ಲದಾಗ ನೇರ, ಇದ್ದಾಗ ಸೊಟ್ಟ ಅಂದರೆ ಮಾತ್ರ ಬಾಡಿಯನ್ನು ಅನುಮಾನಿಸಿ.

ನೀರಿನ ಹನಿಯ ಆಕಾರಕ್ಕೆ ಒಂದು ಸ್ವಭಾವ ಇದೆ. ಪಕ್ಕದ ಗಾಳಿ ಅದರ ಮೂಗಿನ ಹತ್ತಿರವೇ ಹೆಚ್ಚು ತಳ್ಳುತ್ತದೆ. ತಳ್ಳುವ ಜಾಗ ತೂಕದ ಬಿಂದುವಿಗಿಂತ ಮುಂದೆ ಇದ್ದರೆ ಮೂಗು ಗಾಳಿಯಿಂದ ಆಚೆ ತಿರುಗುತ್ತದೆ. ಎಳೆತ ಕಡಿಮೆ ಮಾಡಲು ಹೊರಟ ಆಕಾರವೇ ಈ ತೊಂದರೆ ತರುತ್ತದೆ. ಸೆಕೆಂಡಿಗೆ 10 ಮೀಟರ್ ಬೀಸುವ ಗಾಳಿ 1.5 ಚದರ ಮೀಟರಿನ ಪಕ್ಕವನ್ನು ಸುಮಾರು 9 ಕೆ.ಜಿ. ಭಾರದಷ್ಟು ತಳ್ಳಬಹುದು. 75 ಕೆ.ಜಿ.ಯ ಗಾಡಿಗೆ ಅದು ಸಣ್ಣ ತಳ್ಳಾಟ ಅಲ್ಲ.

ಇದರ ದೊಡ್ಡ ಪಾಠ 1933ರ ಡೈಮ್ಯಾಕ್ಸಿಯನ್ ಕಾರಿನಲ್ಲಿದೆ. ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್ ಅಮೆರಿಕದ ಬ್ರಿಜ್‌ಪೋರ್ಟಿನಲ್ಲಿ ಕಟ್ಟಿಸಿದ್ದು, ಸುಮಾರು 6 ಮೀಟರ್ ಉದ್ದ. ಮುಂದೆ ಎರಡು ಚಕ್ರ, ಹಿಂದೆ ಒಂದು. ಸ್ಟೀರಿಂಗ್ ಇದ್ದದ್ದು ಹಿಂದಿನ ಚಕ್ರಕ್ಕೆ. ಸಣ್ಣ ಜಾಗದಲ್ಲಿ ತಿರುಗಲು ಅದು ಅದ್ಭುತ. ಆದರೆ ಎಡಕ್ಕೆ ತಿರುಗಬೇಕಾದರೆ ಬಾಲ ಮೊದಲು ಬಲಕ್ಕೆ ಹೋಗಬೇಕು. ವೇಗದಲ್ಲಿ, ಜೋರು ಗಾಳಿಯಲ್ಲಿ ಗಾಡಿಯನ್ನು ಹಿಡಿತದಲ್ಲಿಡುವುದು ಕಷ್ಟ ಅಂತ ಫುಲ್ಲರ್ ಅವರಿಗೇ ತಿಳಿದಿತ್ತು. ಗಾಳಿ ಮೂಗನ್ನು ತಳ್ಳುತ್ತದೆ, ತಿದ್ದಬೇಕಾದ ಚಕ್ರ ಹಿಂದೆ ಇದೆ, ಆ ಹಿಂಭಾಗವೇ ವೇಗದಲ್ಲಿ ಹಗುರಾಗುತ್ತದೆ. ಮೂರೂ ಒಟ್ಟಿಗೆ ಸೇರಿದವು. ಅದೇ ವರ್ಷ ಶಿಕಾಗೋದಲ್ಲಿ ಇನ್ನೊಂದು ಕಾರಿನ ಜೊತೆ ನಡೆದ ಅಪಘಾತದಲ್ಲಿ ಅದರ ಚಾಲಕ ತೀರಿಕೊಂಡರು. ನಿಮ್ಮ ಗಾಡಿಗೆ ಹಿಂದಿನ ಚಕ್ರದ ಸ್ಟೀರಿಂಗ್ ಇದ್ದರೆ ಉಳಿದ ಯಾವ ಪರೀಕ್ಷೆಯೂ ಬೇಡ, ಮೊದಲು ಅದನ್ನು ಮುಂದಕ್ಕೆ ತನ್ನಿ.

ಸರಿಪಡಿಸಲು ಇಲ್ಲಿಯೂ ಮೊದಲ ಮದ್ದು ತೂಕ ಮುಂದಕ್ಕೆ ತರುವುದೇ. ಆಮೇಲೆ ಬಾಲಕ್ಕೆ ಫೋಮ್ ಬೋರ್ಡಿನ ಒಂದು ನಿಂತ ಹಲಗೆಯನ್ನು ಟೇಪಿನಲ್ಲಿ ಅಂಟಿಸಿ ನೋಡಿ, ಬಾಣದ ಹಿಂದಿನ ಗರಿಯ ಹಾಗೆ. ಫಲ ಕಂಡರೆ ಮಾತ್ರ ಫೈಬರಿನಲ್ಲಿ ಮಾಡಿಸಿ. ಅದು ಎತ್ತರಕ್ಕಿಂತ ಉದ್ದವಾಗಿರಲಿ. ಎತ್ತರದ ರೆಕ್ಕೆ ಗಾಳಿಗೆ ಸಿಕ್ಕಿ ಗಾಡಿಯನ್ನು ವಾಲಿಸುತ್ತದೆ. ಹಗುರವಾಗಿಯೂ ಇರಲಿ. ಬಾಲಕ್ಕೆ ಭಾರ ಸೇರಿಸಿದರೆ ಮುಂದಕ್ಕೆ ತಂದ ತೂಕ ಮತ್ತೆ ಹಿಂದಕ್ಕೆ ಹೋಗುತ್ತದೆ.

## ವೇಗದಲ್ಲಿ ಮುಂಭಾಗ ಹಗುರ ಅನಿಸುತ್ತದೆ

ಡ್ರೈವರ್ ಕೂತಾಗ ತಳದ ಎತ್ತರವನ್ನು ಮುಂದೆ ಮತ್ತು ಹಿಂದೆ ಅಳೆಯಿರಿ. ಹಿಂದಿನ ಟೈರ್ ಕುಗ್ಗಿ ಮೂಗು ಎದ್ದಿದ್ದರೆ ತಳಕ್ಕೆ ಗಾಳಿ ನುಗ್ಗುತ್ತದೆ. ತಳ ಮಟ್ಟವಾಗಿರಲಿ, ಇಲ್ಲವೇ ಮೂಗು ತುಸು ತಗ್ಗಿರಲಿ. ಗಂಟೆಗೆ 30 ಕಿ.ಮೀ.ಯಲ್ಲಿ ಎದುರು ಗಾಳಿಯ ಒತ್ತಡ ಚದರ ಮೀಟರಿಗೆ 4 ಕೆ.ಜಿ. ಭಾರದಷ್ಟೇ. ಅಷ್ಟು ನಿಧಾನದ ಗಾಡಿ ಗಾಳಿಗೆ ಏಳುವುದು ಅಪರೂಪ, ಕಾರಣ ಬೇರೆ ಕಡೆ ಹುಡುಕಿ. 90 ಕಿ.ಮೀ.ಗೆ ಅದು ಒಂಬತ್ತು ಪಟ್ಟು ಆಗುತ್ತದೆ. ಆ ವೇಗದ ಗಾಡಿ ಕಟ್ಟುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

## ತಿರುವಿನಲ್ಲಿ ಟಿಕ್ ಟಿಕ್ ಶಬ್ದ, ರಿಮ್ ಉಜ್ಜುತ್ತದೆ

ಸೈಕಲ್ ತಿರುವಿನಲ್ಲಿ ವಾಲುತ್ತದೆ. ಅದರ ಚಕ್ರಕ್ಕೆ ಪಕ್ಕದ ಭಾರ ಬೀಳುವುದಿಲ್ಲ. ನಮ್ಮ ಗಾಡಿ ವಾಲುವುದಿಲ್ಲ, ಅದೇ ಸೈಕಲ್ ಚಕ್ರದ ಮೇಲೆ ಪೂರ್ತಿ ಪಕ್ಕದ ಭಾರ ಬೀಳುತ್ತದೆ. ಶಬ್ದ ಬಂದರೆ ಸ್ಪೋಕ್‌ಗಳನ್ನು ಎರಡೆರಡಾಗಿ ಹಿಂಡಿ ನೋಡಿ. ಸಡಿಲ ಇದ್ದರೆ ಸೈಕಲ್ ಅಂಗಡಿಯಲ್ಲಿ ಬಿಗಿ ಮಾಡಿಸಿ. ಮತ್ತೆ ಮತ್ತೆ ಸಡಿಲವಾದರೆ ದೊಡ್ಡ ಚಕ್ರ ಬಿಟ್ಟು 20 ಇಂಚಿನ ಗಟ್ಟಿ ಚಕ್ರಕ್ಕೆ ಬನ್ನಿ. ರಿಮ್ ಒಂದು ಸಲ ಬಾಗಿತು ಅಂದರೆ ಅದನ್ನು ಬಡಿದು ನೇರ ಮಾಡಿ ಓಡಿಸಬೇಡಿ.

## ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ಕಿಂಗ್ ಪಿನ್ ಸುತ್ತಲಿನ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಗಾಡಿ ತಳ್ಳಿಕೊಂಡು ವಾಪಸ್ ಹೋಗಿ. ಅದರ ಮೇಲೆ ಇನ್ನೊಂದು ಪದರ ವೆಲ್ಡಿಂಗ್ ಹಾಕಿ ಮುಚ್ಚುವುದು ಪರಿಹಾರ ಅಲ್ಲ. ಆಕ್ಸಲ್ ಬಾಗಿದ್ದರೆ, ಬಿಗಿ ಮಾಡಿದ ಸ್ಟೀರಿಂಗ್ ಬೋಲ್ಟ್ ಒಂದೇ ದಿನದಲ್ಲಿ ಮತ್ತೆ ಸಡಿಲವಾದರೆ, ಬ್ಯಾಟರಿ ಉಬ್ಬಿದ್ದರೆ ಅಥವಾ ಏಟು ತಿಂದಿದ್ದರೆ ಕೂಡ ಹಾಗೇ. ಗಾಡಿ ಒಂದು ಸಲ ಪಲ್ಟಿಯಾಗಿದ್ದರೆ ಹೊರಗೆ ಏನೂ ಕಾಣದಿದ್ದರೂ ಬಾಡಿ ಬಿಚ್ಚಿ ಎಲ್ಲ ಜೋಡಣೆ ನೋಡಿಸಿ. ಡ್ರೈವರ್‌ನ ತಲೆಗೆ ಏಟು ಬಿದ್ದಿದ್ದರೆ ಮೊದಲು ಆಸ್ಪತ್ರೆ, ಗಾಡಿ ಆಮೇಲೆ.

ಸಹಾಯ ಕೇಳಲು ಹೋಗುವಾಗ ಬರೀ "ಅಲ್ಲಾಡುತ್ತೆ ಸರ್" ಅನ್ನಬೇಡಿ. ಮೂರು ಚಕ್ರದ ತೂಕ, ಚಕ್ರಗಳ ಅಗಲ ಮತ್ತು ಉದ್ದ, ಟೋ ಅಳತೆ, ವಾಲಿಸಿದಾಗ ಸಿಕ್ಕ ಕೋನ, ತೊಂದರೆ ಶುರುವಾಗುವ ವೇಗ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎದುರಿನಿಂದ ತೆಗೆದ ಒಂದು ವಿಡಿಯೋ ಕೂಡ ಜೊತೆಗಿರಲಿ.